ಗುಜರಿಯ ಕ್ಷೌರದ ಕತ್ತಿಗೆ ಹರಿತ ಬರಿಸಿದ್ದು

ಹಳೆಯ ಕ್ಷೌರದ ಕತ್ತಿಯ ಮೈಯೆಲ್ಲ ಕೆಂಪಾಗಿದ್ದರೂ ಚಿಂತೆಯಿಲ್ಲ, ಬಾಯಿಯ ಅಂಚಿನಲ್ಲಿ ಮಾತ್ರ ತುಕ್ಕಿನ ಗುಂಡಿ ಇರಬಾರದು. ನಮ್ಮ ಕಾಸರಗೋಡಿನ ಕುಂಬಳೆಯ ಗುಜರಿ ಅಂಗಡಿಯಲ್ಲಿ 150 ರೂಪಾಯಿಗೆ ಸಿಕ್ಕ ಕತ್ತಿಯನ್ನು ನಾನು ಆರಿಸಿದ್ದು ಈ ಒಂದು ಲೆಕ್ಕದ ಮೇಲೆ. ಕಡಲ ಗಾಳಿ ಬೀಸುವ ನಮ್ಮೂರಲ್ಲಿ ತುಕ್ಕು ಹಿಡಿಯದ ಹಳೆಯ ಉಕ್ಕು ಎಲ್ಲಿ ಸಿಗಬೇಕು? ಬೆನ್ನಿನ ಮೇಲಿನ ತುಕ್ಕು ನೋಟಕ್ಕಷ್ಟೇ ಕೆಟ್ಟದು. ಬಾಯಿಯಲ್ಲಿ ಗುಂಡಿ ಬಿದ್ದಿದ್ದರೆ ಮಸೆದಷ್ಟೂ ಅಂಚು ಅಲ್ಲಲ್ಲಿ ಉದುರುತ್ತದೆ, ಗಲ್ಲ ಕೊಯ್ಯುತ್ತದೆ. ಬಿಸಿಲಿಗೆ ಹಿಡಿದು, ಭೂತಗನ್ನಡಿಯಲ್ಲಿ ಅಂಚನ್ನು ತುದಿಯಿಂದ ಬುಡದವರೆಗೆ ನೋಡಿಯೇ ದುಡ್ಡು ಕೊಡಿ.

ನನ್ನ ಕತ್ತಿಯ ಬುಡದಲ್ಲಿ ಸೋಲಿಂಗೆನ್, ಜರ್ಮನಿ ಎಂಬ ಅಚ್ಚು ಅರ್ಧ ಅಳಿಸಿತ್ತು. ಬ್ರಿಟಿಷ್ ಮಾಲೆಂದು ತಪ್ಪು ತಿಳಿಯಬಹುದಾದ ಹೊರದೇಶದ ಸಾಮಾನಿನ ಮೇಲೆ ಅದು ತಯಾರಾದ ದೇಶದ ಗುರುತಿರಬೇಕೆಂದು ಬ್ರಿಟನ್ ಕಾನೂನು ಮಾಡಿದ್ದು 1887ರಲ್ಲಿ. ಕಾಸರಗೋಡು ಆಗ ಬ್ರಿಟಿಷರ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಕತ್ತಿ ಆ ಕಾನೂನಿನ ನಂತರದ್ದಿರಬಹುದು. ಇಂಗ್ಲೆಂಡಿನ ಶೆಫೀಲ್ಡಿನ ಹಳೆಯ ಕತ್ತಿಗಳು ಹೆಚ್ಚಾಗಿ ದಪ್ಪ, ಭಾರ. ಸೋಲಿಂಗೆನ್ನಿನವರು ಎರಡೂ ಪಕ್ಕವನ್ನು ಒಳಕ್ಕೆ ತಗ್ಗಾಗಿ ಅರೆದು ಅಲಗನ್ನು ತೀರ ತೆಳುವಾಗಿಸುವುದರಲ್ಲಿ ಹೆಸರಾದವರು.

ಮೊದಲು ಸೋಪುನೀರು, ಆಮೇಲೆ ಸ್ಪಿರಿಟ್. ಯಾರ ಯಾರ ಮುಖದ ಮೇಲೆ ಓಡಾಡಿದ್ದೋ ಗೊತ್ತಿಲ್ಲದ ಕತ್ತಿ ಅದು, ಈ ಕೆಲಸದಲ್ಲಿ ಅವಸರ ಸಲ್ಲದು. ತುಕ್ಕು ತೆಗೆಯಲು ಪೇಂಟಿನ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರ್ ಎಂಬ ಉಜ್ಜುಕಾಗದ ಸಾಕು. 400 ನಂಬರಿನಿಂದ ಶುರುಮಾಡಿ 600, 1000, 2000 ಎಂದು ನಯಕ್ಕೆ ಹೋದೆ, ಜೊತೆಗೆ ಒಂದೆರಡು ತೊಟ್ಟು ಹೊಲಿಗೆ ಮಿಷಿನಿನ ಎಣ್ಣೆ. ಅಲಗನ್ನು ಹಲಗೆಯ ಮೇಲೆ ಚಪ್ಪಟೆ ಮಲಗಿಸಿ, ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಉಜ್ಜಬೇಕು. ಬಾಯಿಗೆದುರಾಗಿ ಬೆರಳು ಹೋದರೆ ಮೊಂಡು ಕತ್ತಿಯೂ ಆಳಕ್ಕೆ ಕೊಯ್ಯುತ್ತದೆ. ಕಪ್ಪು ಕಲೆಗಳು ಪೂರ್ತಿ ಹೋಗಲಿಲ್ಲ, ಹೋಗಲೆಂದು ನಾನು ಹಟ ಹಿಡಿಯಲೂ ಇಲ್ಲ. ಕಲೆ ಹೋಗಬೇಕಾದರೆ ಉಕ್ಕು ಹೋಗಬೇಕು, ಹೋದ ಉಕ್ಕು ತಿರುಗಿ ಬರುವುದಿಲ್ಲ. ಗ್ರೈಂಡರಿಗಂತೂ ಕೊಡಲೇಬೇಡಿ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿ ಕಾದರೆ ಅಲಗಿನ ಹದ ಕೆಡುತ್ತದೆ. ತೆಳು ಅಂಚು ಅಷ್ಟು ಕಾಯಲು ಕ್ಷಣ ಸಾಕು, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು.

ಹಿಡಿ ಕೋಣದ ಕೊಂಬಿನದು. ಒಣಗಿ ಬಿಳಿಚಿತ್ತು, ಎಣ್ಣೆ ಸವರಿ ಇಟ್ಟೆ, ಬಣ್ಣ ಬಂತು.

ಇನ್ನು ಮಸೆಯುವುದು. ನಮ್ಮ ಮನೆಗಳ ಮೆಟ್ಟುಕತ್ತಿ (ಈಳಿಗೆಮಣೆ) ಮಸೆಯುವಾಗ ಓರೆ ಎಷ್ಟೆಂಬ ಅಂದಾಜು ಕೈಯಲ್ಲಿರಬೇಕು. ಕ್ಷೌರದ ಕತ್ತಿಯಲ್ಲಿ ಆ ಓರೆಯನ್ನು ಮಾಡಿದವನೇ ಇಟ್ಟುಕೊಟ್ಟಿದ್ದಾನೆ: ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿದರೆ ಮುಗಿಯಿತು, ಬೆನ್ನಿನ ದಪ್ಪವೇ ಕೋನ ನಿರ್ಧರಿಸುತ್ತದೆ. ಬೆನ್ನು ಸವೆಯದಿರಲೆಂದು ಒಂದು ಸುತ್ತು ಇನ್ಸುಲೇಷನ್ ಟೇಪ್ ಅಂಟಿಸಿದೆ. ಕಲ್ಲು ಸಮತಟ್ಟಾಗಿರಬೇಕು, ಗಾಜಿನ ಮೇಲೆ ವಾಟರ್ ಪೇಪರ್ ಹರಡಿ ಅದರ ಮೇಲೆ ಕಲ್ಲನ್ನು ಉಜ್ಜಿಕೊಂಡೆ. 1000 ನಂಬರಿನ ಕಲ್ಲಿನಲ್ಲೇ ಹೆಚ್ಚು ಹೊತ್ತು ಕಳೆಯಬೇಕು. ಅಂಚಿಗೆ ಕಪ್ಪು ಮಾರ್ಕರ್ ಬಳಿದು ಕೆಲವು ಸಲ ಎಳೆದು ನೋಡಿ: ಎಲ್ಲಿ ಕಪ್ಪು ಉಳಿದಿದೆಯೋ ಅಲ್ಲಿ ಕಲ್ಲು ಇನ್ನೂ ತಾಗಿಲ್ಲ. ತುದಿಯಿಂದ ಬುಡದವರೆಗೆ ಎರಡೂ ಪಕ್ಕ ಕಪ್ಪು ಅಳಿಯುವವರೆಗೆ 4000, 8000ದ ಕಲ್ಲು ಮುಟ್ಟಿ ಪ್ರಯೋಜನವಿಲ್ಲ.

ಬದಿಯಡ್ಕದಲ್ಲಿ ಬಹುಕಾಲ ಕ್ಷೌರದಂಗಡಿ ನಡೆಸಿದ ಹಿರಿಯರೊಬ್ಬರಿಗೆ ನಾನು ಮಸೆಯುವ ರೀತಿ ತೋರಿಸಿದೆ. ಏಡ್ಸಿನ ಭಯ ಬಂದ ಮೇಲೆ ಅವರೂ ಬ್ಲೇಡು ಬದಲಿಸುವ ಕತ್ತಿಗೆ ತಿರುಗಿದವರು, ಆದರೆ ಹಳೆಯ ಬೆರಳುಗಳಿಗೆ ಏನೂ ಮರೆತಿರಲಿಲ್ಲ. “ಒತ್ತಬೇಡಿ ಮಾಷ್ಟ್ರೇ, ಕತ್ತಿಯ ಭಾರವೇ ಸಾಕು. ಕಲ್ಲಿನ ಸದ್ದು ಕೇಳಿ, ಕರಕರ ಹೋಗಿ ಸುಯ್ ಅನ್ನಬೇಕು,” ಎಂದರು. ಕಲ್ಲಿನ ಮೇಲೆ ಬಾಯಿ ಮುಂದಾಗಿ ಹೋಗಬೇಕು, ಕೊನೆಗೆ ಅಂಚು ನಯಮಾಡುವ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ. ಪಟ್ಟಿಯ ಕೊನೆ ಮುಟ್ಟಿದಾಗ ಕತ್ತಿಯನ್ನು ಬೆನ್ನಿನ ಮೇಲೆಯೇ ಹೊರಳಿಸಬೇಕು. ಬಾಯಿಯ ಮೇಲೆ ಹೊರಳಿಸಿದರೆ ಪಟ್ಟಿಯೂ ಹೋಯಿತು, ಹರಿತವೂ ಹೋಯಿತು. ಮೊದಲು ದಪ್ಪ ಬಟ್ಟೆಯ ಮೇಲೆ 20–30 ಸಲ, ಆಮೇಲೆ ಚರ್ಮದ ಮೇಲೆ 50–60 ಸಲ. ಪ್ರತಿ ಕ್ಷೌರಕ್ಕೆ ಮುಂಚೆ ಈಗಲೂ ಇದನ್ನು ತಪ್ಪಿಸುವುದಿಲ್ಲ.

ಮೊದಲ ಕ್ಷೌರಕ್ಕೆ ಕೆನ್ನೆ ಮಾತ್ರ ಸಾಕು. ಬಿಸಿನೀರಲ್ಲಿ ಗಡ್ಡ ನೆನೆಸಿ, ನೊರೆ ಹಚ್ಚಿ, ಚರ್ಮ ಬಿಗಿಯಾಗಿ ಎಳೆದುಕೊಂಡು, ಸುಮಾರು 30 ಡಿಗ್ರಿ ಓರೆಯಲ್ಲಿ ಕೂದಲು ಬೆಳೆದ ದಿಕ್ಕಿಗೇ ಎಳೆದೆ. ಉರಿಯಿಲ್ಲದೆ ನುಣುಪಾಗಿ ಬಂತು. ಗದ್ದ, ಮೇಲ್ದುಟಿಗೆ ಕೈ ಪಳಗಬೇಕು.

ಇಷ್ಟು ಮಾಡಿದ್ದನ್ನು ಉಳಿಸಿಕೊಳ್ಳುವುದೇ ನಮ್ಮಲ್ಲಿ ದೊಡ್ಡ ಕೆಲಸ. ಆಟಿ ತಿಂಗಳ ಮಳೆಯಲ್ಲಿ ಗೋಡೆಯೇ ಬೆವರುತ್ತದೆ. ಕತ್ತಿಯನ್ನು ಬಚ್ಚಲಲ್ಲಿ ಬಿಡುವಂತಿಲ್ಲ, ಮುಚ್ಚಿದ ಡಬ್ಬಿಯಲ್ಲಿ ಒದ್ದೆಯಾಗಿ ಇಡುವಂತಿಲ್ಲ. ಒರೆಸಿ, ಗಾಳಿಗೆ ತೆರೆದಿಟ್ಟು, ಹೊಲಿಗೆ ಮಿಷಿನಿನ ಎಣ್ಣೆಯ ತೆಳುಪದರ ಸವರಿ, ಅಡುಗೆಮನೆಯ ಬೆಚ್ಚಗಿನ ಕಪಾಟಿನಲ್ಲಿ ಮಕ್ಕಳ ಕೈಗೆ ಎಟುಕದಂತೆ ಇಡುತ್ತೇನೆ. ತೆಂಗಿನೆಣ್ಣೆ ದಿನ ಕಳೆದಂತೆ ಅಂಟಾಗುತ್ತದೆ, ಹಾಗಾಗಿ ಬಿಟ್ಟೆ. ಚರ್ಮದ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ, ಅದು ಗಾಳಿಯಾಡುವಲ್ಲಿ ನೇತಾಡಲಿ. ಹಿಡಿ ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕಿನದಾದರೆ ಆ ಕತ್ತಿಯನ್ನು ಬೇರೆಯೇ ಇಡಿ. ಹಳೆಯ ಸೆಲ್ಯುಲಾಯ್ಡ್ ಕೆಡುವಾಗ ಹೊರಡುವ ಆವಿ ತನ್ನ ಅಲಗಿಗೂ ಪಕ್ಕದ ಕತ್ತಿಗೂ ತುಕ್ಕು ಹಿಡಿಸುತ್ತದೆ.