ಒಂದೇ ಜಾಗ, ಮೂರು ಮೈ: ‘ಏಲಿಯನ್ಸ್ ವರ್ಸಸ್ ಪ್ರಿಡೇಟರ್’ ಆಟದ ರಿವ್ಯೂ ಬರೆದ ಅನುಭವ

ಮೊದಲು ಬರೆದ ರಿವ್ಯೂವನ್ನು ಪೂರ್ತಿ ಅಳಿಸಿಬಿಟ್ಟೆ. 1,200 ಪದ ಇತ್ತು. ಓದಿ ನೋಡಿದರೆ ಅದರಲ್ಲಿ 900ರಷ್ಟು ಪದ ಬರೀ ಸೈನಿಕನ ಬಗ್ಗೆ. ಪ್ರಿಡೇಟರ್‌ಗೆ ಎರಡು ಪ್ಯಾರಾ. ಏಲಿಯನ್‌ಗೆ ಒಂದೇ ಪ್ಯಾರಾ, ಅದರಲ್ಲೂ ಅರ್ಧ ದೂರು: ತಲೆ ತಿರುಗುತ್ತದೆ, ಕಂಟ್ರೋಲ್ ಕೈಗೆ ಹತ್ತುವುದಿಲ್ಲ, ಬೇಗ ಮುಗಿದುಹೋಗುತ್ತದೆ. ಮೂರು ಬೇರೆ ಬೇರೆ ಜೀವಿಗಳಾಗಿ ಆಡಲು ಬಿಡುವ ಆಟಕ್ಕೆ ನಾನು ಮಾಡಿದ್ದು ನ್ಯಾಯ ಅಲ್ಲ ಅಂತ ಆ ರಾತ್ರಿಯೇ ಅನಿಸಿತು. ಮತ್ತೆ ಮೊದಲಿಂದ ಆಡಿದೆ, ಮತ್ತೆ ಮೊದಲಿಂದ ಬರೆದೆ. ಎರಡನೇ ಸಲ ಏನು ಬೇರೆ ಮಾಡಿದೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ಕನ್ನಡದಲ್ಲಿ ಗೇಮ್ ರಿವ್ಯೂ ಬರೆಯಬೇಕು ಅಂತಿರುವವರಿಗೆ ಉಪಯೋಗಕ್ಕೆ ಬರಬಹುದು.

ಆಟದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಇದು 2010ರ ಫೆಬ್ರವರಿಯಲ್ಲಿ ಬಂದ ಆಟ. ಮಾಡಿದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ರೆಬೆಲಿಯನ್, ಹೊರತಂದದ್ದು ಸೆಗಾ. ಪಿಸಿ, ಪ್ಲೇಸ್ಟೇಷನ್ 3, ಎಕ್ಸ್‌ಬಾಕ್ಸ್ 360, ಮೂರಕ್ಕೂ ಬಂತು. ಬಿಜಿ-386 ಅನ್ನುವ ದೂರದ ಗ್ರಹದಲ್ಲಿ ಮನುಷ್ಯರು ಒಂದು ಕಾಲೊನಿ ಕಟ್ಟಿಕೊಂಡಿದ್ದಾರೆ, ಅಲ್ಲಿ ಎಲ್ಲ ಕೆಟ್ಟುಹೋಗಿದೆ. ಆ ಕೆಟ್ಟ ಗಳಿಗೆಯನ್ನು ನೀವು ಮೂರು ಕಡೆಯಿಂದ ಆಡಬಹುದು. ಕೊಲೋನಿಯಲ್ ಮರೀನ್ ಪಡೆಗೆ ಹೊಸದಾಗಿ ಸೇರಿದ ‘ರೂಕಿ’ ಆಗಿ. ಬೇರೆ ಲೋಕದಿಂದ ಬೇಟೆಗೆಂದೇ ಬಂದಿಳಿದ ಪ್ರಿಡೇಟರ್ ಆಗಿ. ಇಲ್ಲಾ, ಲ್ಯಾಬಿನೊಳಗೆ ಹುಟ್ಟಿ ‘ಸ್ಪೆಸಿಮೆನ್ 6’ ಅಂತ ನಂಬರ್ ಹಚ್ಚಿಸಿಕೊಂಡ ಏಲಿಯನ್ ಆಗಿ. ಈ ಯೋಚನೆ ಆಗ ಹೊಸದೇನೂ ಆಗಿರಲಿಲ್ಲ. ಇದೇ ರೆಬೆಲಿಯನ್ 1994ರಲ್ಲೇ ಅಟಾರಿ ಜಾಗ್ವಾರ್‌ಗೆ, ಆಮೇಲೆ 1999ರಲ್ಲಿ ಪಿಸಿಗೆ ಮೂರು ಜೀವಿಗಳ ಆಟ ಮಾಡಿತ್ತು. ನಡುವೆ 2001ರಲ್ಲಿ ಬಂದ ಎರಡನೇ ಭಾಗವನ್ನು ಮಾಡಿದ್ದು ಮೋನೋಲಿತ್.

ನನ್ನ ಮೊದಲ ರಿವ್ಯೂನಲ್ಲಿ ಒಂದು ದೊಡ್ಡ ಆಕ್ಷೇಪ ಇತ್ತು. ಕಾಲೊನಿ, ಲ್ಯಾಬ್, ಕಾಡು, ಹಾಳು ಬಿದ್ದ ದೇವಾಲಯದಂಥ ಕಲ್ಲಿನ ಕಟ್ಟಡಗಳು, ಇದೇ ಕೆಲವು ಜಾಗಗಳನ್ನು ತಿರುಗಿಸಿ ತಿರುಗಿಸಿ ತೋರಿಸುತ್ತಾರೆ ಅಂತ. ಕಥೆ ಮೂರಾದರೂ ನೆಲ ಒಂದೇ. ಆಗ ಅದು ನನಗೆ ಕೆಲಸ ಉಳಿಸಿಕೊಂಡ ಹಾಗೆ ಕಂಡಿತ್ತು. ಎರಡನೇ ಸಲ ಆಡಲು ಕೂತಾಗ ನಾನು ಹಿಡಿದ ದಾರಿ ಹುಟ್ಟಿದ್ದೇ ಈ ಆಕ್ಷೇಪದಿಂದ. ಜಾಗ ಒಂದೇ ಆಗಿದ್ದರೆ ಒಳ್ಳೆಯದೇ ಆಯಿತಲ್ಲ, ಅಳೆದು ನೋಡಲು ಅದಕ್ಕಿಂತ ಒಳ್ಳೆ ಕೋಲು ಬೇಕಾ? ಒಂದು ಜಾಗಕ್ಕೆ ಮೂರು ಮೈಯಲ್ಲಿ ಹೋಗುವುದು, ಆ ಜಾಗ ಎಷ್ಟು ಬದಲಾಗುತ್ತದೆ ಅಂತ ನೋಡುವುದು. ಬದಲಾದರೆ ಆಟ ಗೆದ್ದಿತು. ಬದಲಾಗದೇ ಇದ್ದರೆ ಬರೀ ವೇಷ ಹಾಕಿಸಿದ್ದಾರೆ ಅಂತ ಅರ್ಥ.

200 ಪೇಜಿನ ನೋಟ್‌ಬುಕ್ ತಗೊಂಡು ಪ್ರತಿ ಪುಟಕ್ಕೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿದೆ. ಪ್ರತಿ ಜಾಗಕ್ಕೂ ನಾಲ್ಕೇ ಪ್ರಶ್ನೆ. ಇಲ್ಲಿ ನನಗೆ ಏನು ಗೊತ್ತಾಗುತ್ತದೆ? ಹೇಗೆ ಓಡಾಡುತ್ತೇನೆ? ಯಾವುದಕ್ಕೆ ಹೆದರುತ್ತೇನೆ? ಇಲ್ಲಿಂದ ಏನು ಬೇಕು? ಆಯುಧದ ಪಟ್ಟಿ, ಗ್ರಾಫಿಕ್ಸ್, ಫ್ರೇಮ್ ರೇಟ್ ಎಲ್ಲಾ ಹಿಂದಿನ ಪುಟಗಳಿಗೆ ಹೋಯಿತು. ಅವು ಬೇಡ ಅಂತಲ್ಲ. ಮೊದಲ ಸಲ ಅವುಗಳಿಂದಲೇ ಶುರು ಮಾಡಿದ್ದರಿಂದ ಬಂದೂಕು ಇರುವವನ ಬಗ್ಗೆ ಬರೆಯಲು ನನಗೆ ಜಾಸ್ತಿ ಸಿಕ್ಕಿತ್ತು, ಬರಿಗೈಯ ಏಲಿಯನ್ ಬಗ್ಗೆ ಏನೂ ಸಿಕ್ಕಿರಲಿಲ್ಲ.

ಕಾಲೊನಿಯ ಕತ್ತಲ ಕಾರಿಡಾರ್. ಇದನ್ನು ನಾನು ಅತಿ ಹೆಚ್ಚು ಸಲ ಆಡಿದೆ.

ಸೈನಿಕನಾಗಿ ಬಂದರೆ ಕಣ್ಣಿಗೆ ಕಾಣುವುದು ಟಾರ್ಚಿನ ಬೆಳಕು ಬಿದ್ದಷ್ಟೇ. ಫ್ಲೇರ್ ಎಸೆದರೆ ಸ್ವಲ್ಪ ಹೊತ್ತು ಬೆಳಕು, ಆಮೇಲೆ ಮತ್ತೆ ಕತ್ತಲು. ಪರದೆಯ ಮೂಲೆಯಲ್ಲಿ ಮೋಷನ್ ಟ್ರ್ಯಾಕರ್. ಏನಾದರೂ ಅಲ್ಲಾಡಿದರೆ ಚುಕ್ಕಿ ಬರುತ್ತದೆ, ಬೀಪ್ ಆಗುತ್ತದೆ, ಹತ್ತಿರ ಬಂದ ಹಾಗೆ ಬೀಪ್‌ನ ದನಿ ಏರುತ್ತದೆ. ಆದರೆ ಅದು ಹೇಳುವುದು ದಿಕ್ಕು ಮತ್ತು ದೂರ ಮಾತ್ರ. ಎತ್ತರ ಹೇಳುವುದಿಲ್ಲ. ನಿಂತಲ್ಲೇ ನಿಂತದ್ದನ್ನು ತೋರಿಸುವುದೂ ಇಲ್ಲ. ಚುಕ್ಕಿ ಎದುರಿಗೇ ಇದೆ, ಎದುರಿಗೆ ಬರೀ ಗೋಡೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ತಮ್ಮ, “ಅಣ್ಣಾ, ಮೇಲೆ! ಮೇಲೆ ನೋಡು!” ಅಂತ ಕೂಗಿಕೊಂಡ. ಮೇಲೆ ತಿರುಗುವಷ್ಟರಲ್ಲಿ ಅದು ನನ್ನ ಮೇಲೆ ಬಿದ್ದಾಗಿತ್ತು. ಬಂದೂಕಿನ ಹಿಡಿಯಿಂದ ಹಿಂದಕ್ಕೆ ತಳ್ಳಿ, ಪಲ್ಸ್ ರೈಫಲ್‌ನಲ್ಲಿ ಸುಟ್ಟೆ. ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು, ಕೈ ಬೆವರಿತ್ತು. ನೋಟ್‌ಬುಕ್‌ನಲ್ಲಿ ‘ಏನು ಗೊತ್ತಾಗುತ್ತದೆ’ ಅನ್ನುವ ಜಾಗದಲ್ಲಿ ಬರೆದದ್ದು ಒಂದೇ ಸಾಲು: “ಅರ್ಧ ಮಾತ್ರ ಗೊತ್ತಾಗುತ್ತದೆ, ಅದಕ್ಕೇ ಭಯ.” ಏನೂ ಗೊತ್ತಾಗದೇ ಇದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಅದೇ ಕಾಲೊನಿಗೆ ಏಲಿಯನ್ ಆಗಿ ಬಂದರೆ ಕತ್ತಲು ಹೆದರಿಸುವುದಿಲ್ಲ. ಕತ್ತಲೇ ನಮ್ಮ ಮನೆ. ಗೋಡೆಯಾಚೆ ಇರುವವರ ಆಕಾರ ಹೊಳೆಯುತ್ತಾ ಕಾಣುತ್ತದೆ. ಉರಿಯುವ ದೀಪವೇ ಶತ್ರು, ಸಿಕ್ಕ ದೀಪವನ್ನೆಲ್ಲ ಒಡೆಯುತ್ತಾ ಹೋಗಬೇಕು. ನೆಲ, ಗೋಡೆ, ಸೂರು, ಎಲ್ಲಾ ಒಂದೇ. ಸೂರಿಗೆ ಅಂಟಿಕೊಂಡು ಕೆಳಗೆ ಓಡಾಡುವ ಸೈನಿಕರನ್ನು ನೋಡುವಾಗ ಮೊದಲ ಸಲ ಅರ್ಥವಾಯಿತು: ಆ ಚುಕ್ಕಿ ನಾನೇ. ಬುಸ್ ಅಂದರೆ ಒಬ್ಬ ಸೈನಿಕ ಗುಂಪು ಬಿಟ್ಟು ನೋಡಲು ಬರುತ್ತಾನೆ. ಬರಲಿ ಅಂತ ಕಾಯಬೇಕು. ಆತುರಪಟ್ಟು ನಾಲ್ಕು ಜನರ ನಡುವೆ ಹಾರಿದರೆ ಕ್ಷಣದಲ್ಲಿ ಸತ್ತುಹೋಗುತ್ತೇವೆ. ಮೈ ಅಷ್ಟು ಮೆದು. ಸೈನಿಕನಾಗಿ ನಾನು ಹೆದರಿದ್ದು ಇಷ್ಟು ಬೇಗ ಸಾಯುವ ಜೀವಿಗೆ ಅಂತ ಗೊತ್ತಾದಾಗ ಆಶ್ಚರ್ಯವಾಯಿತು.

ಮೊದಲ ರಿವ್ಯೂನಲ್ಲಿ ದೂರಿದ್ದ ‘ತಲೆ ತಿರುಗುವ ಕಂಟ್ರೋಲ್’ ಈ ಸಲವೂ ಮೊದಲ ಒಂದು ಗಂಟೆ ಕಾಡಿತು. ಗೋಡೆಯಿಂದ ಸೂರಿಗೆ ಹೋದ ಕೂಡಲೇ ಮೇಲೆ ಯಾವುದು, ಕೆಳಗೆ ಯಾವುದು ತಿಳಿಯುವುದಿಲ್ಲ. ಮಾಡಿದ್ದು ಎರಡು ಕೆಲಸ. ಮೌಸ್‌ನ ಸೆನ್ಸಿಟಿವಿಟಿ ಸ್ವಲ್ಪ ಇಳಿಸಿದೆ. ಆಮೇಲೆ ಯಾರೂ ಇಲ್ಲದ ಒಂದು ಕೋಣೆಯಲ್ಲಿ ಸುಮ್ನೆ ಇಪ್ಪತ್ತು ನಿಮಿಷ ಸುತ್ತಿದೆ. ನೆಲದಿಂದ ಗೋಡೆ, ಗೋಡೆಯಿಂದ ಸೂರು, ಅಲ್ಲಿಂದ ಎದುರು ಗೋಡೆ. ಸೈಕಲ್ ಕಲಿತ ಹಾಗೆಯೇ ಆಯಿತು, ಒಂದು ಗಳಿಗೆಯಲ್ಲಿ ಕೈಗೆ ಹತ್ತಿತು, ಆಮೇಲೆ ಯೋಚನೆ ಮಾಡಬೇಕಾಗಲಿಲ್ಲ. ಹೊಸ ಮೈಗೆ ಒಗ್ಗಲು ಸಮಯ ಕೊಡದೇ ತೀರ್ಪು ಕೊಟ್ಟಿದ್ದು ನನ್ನದೇ ತಪ್ಪು. ಈಗ ಯಾವ ಆಟಕ್ಕೇ ಆಗಲಿ, ಓಡಾಟ ವಿಚಿತ್ರ ಅನಿಸಿದರೆ ಎರಡು ಗಂಟೆ ಆಗುವವರೆಗೆ ಅದರ ಬಗ್ಗೆ ಒಂದು ಪದವನ್ನೂ ಬರೆಯುವುದಿಲ್ಲ.

ಪ್ರಿಡೇಟರ್‌ದು ಇನ್ನೊಂದು ಲೋಕ. ಇವನು ಎತ್ತರದಲ್ಲಿ ಇರುವವನು. ಕಣ್ಣಿಟ್ಟ ಜಾಗಕ್ಕೆ ಒಂದೇ ನೆಗೆತಕ್ಕೆ ಹೋಗಿ ಕೂರುತ್ತಾನೆ, ಮರದ ಕೊಂಬೆಯಾಗಲಿ, ಕಟ್ಟಡದ ಅಂಚಾಗಲಿ. ಮೈ ಮರೆಮಾಡುವ ಕ್ಲೋಕ್ ಇದೆ, ಶಾಖ ನೋಡುವ ದೃಷ್ಟಿ ಇದೆ. ಆದರೆ ಆ ದೃಷ್ಟಿಯಲ್ಲಿ ಮನುಷ್ಯರು ಕಾಣುವ ಹಾಗೆ ಏಲಿಯನ್‌ಗಳು ಕಾಣುವುದಿಲ್ಲ, ಅವಕ್ಕೆ ಬೇರೆ ದೃಷ್ಟಿಗೆ ಬದಲಾಯಿಸಬೇಕು. ಒಂದನ್ನು ನೋಡುವಾಗ ಇನ್ನೊಂದಕ್ಕೆ ಕುರುಡ. ಭುಜದ ಮೇಲಿನ ಬಂದೂಕು, ಪ್ಲಾಸ್ಮಾ ಕ್ಯಾಸ್ಟರ್, ಬಲು ಜೋರು, ಆದರೆ ಅದಕ್ಕೆ ಶಕ್ತಿ ಬೇಕು, ಮನುಷ್ಯರ ಕರೆಂಟ್ ಪೆಟ್ಟಿಗೆಗಳಿಂದ ಅದನ್ನು ತುಂಬಿಸಿಕೊಳ್ಳಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ದನಿ ಕದಿಯುವ ಉಪಾಯ. ಮನುಷ್ಯನ ದನಿಯಲ್ಲೇ ಕರೆದು ಒಬ್ಬ ಸೈನಿಕನನ್ನು ಬೇಕಾದ ಮೂಲೆಗೆ ಬರಿಸಬಹುದು. ಮೇಲಿನ ಅಂಚಿನಲ್ಲಿ ಕೂತು ಹಾಗೆ ಕರೆದಾಗ, ಟಾರ್ಚ್ ಹಿಡಿದು ನಿಧಾನವಾಗಿ ನಡೆದು ಬಂದ ಆ ಸೈನಿಕ ನಿನ್ನೆಯ ನಾನೇ ಆಗಿದ್ದೆ. ಬೆಳಕು ನೆಲದ ಮೇಲೆ ಹುಡುಕುತ್ತಿತ್ತು, ಮೇಲೆ ಬರಲೇ ಇಲ್ಲ. ನಿನ್ನೆ ನಾನೂ ಮೇಲೆ ನೋಡಿರಲಿಲ್ಲ.

ಕೈಕೈ ಮಿಲಾಯಿಸುವ ಲೆಕ್ಕ ಮಾತ್ರ ಮೂವರಿಗೂ ಹೆಚ್ಚುಕಡಿಮೆ ಒಂದೇ: ಸಣ್ಣ ಏಟು, ದೊಡ್ಡ ಏಟು, ತಡೆ. ತಡೆ ಸಣ್ಣ ಏಟನ್ನು ನಿಲ್ಲಿಸುತ್ತದೆ, ದೊಡ್ಡ ಏಟು ತಡೆಯನ್ನು ಮುರಿಯುತ್ತದೆ, ದೊಡ್ಡ ಏಟು ಎತ್ತುವಾಗ ಸಣ್ಣ ಏಟು ನುಗ್ಗುತ್ತದೆ. ಇಲ್ಲಿ ಮೂರು ಜೀವಿಗಳ ನಡುವಿನ ಭೇದ ಮಸುಕಾಗುತ್ತದೆ ಅಂತ ನನಗೆ ಅನಿಸಿತು, ರಿವ್ಯೂನಲ್ಲೂ ಹಾಗೇ ಬರೆದೆ. ಹೊಂಚು ಹಾಕಿ ಎರಗುವ ಜೀವಿ ಎದುರಾಎದುರು ನಿಂತು ಏಟು ಎಣಿಸಬಾರದು. ಸೈನಿಕನಿಗೆ ಬಗ್ಗಿ ಕೂರಲು ಆಗುವುದಿಲ್ಲ ಅನ್ನುವುದೂ ನನಗೆ ಸರಿ ಕಾಣಲಿಲ್ಲ. ಅಷ್ಟೊಂದು ಹೆದರಿದ ಮನುಷ್ಯ ಬಗ್ಗದೇ ಇರುತ್ತಾನಾ?

ಇನ್ನು ಭಾಷೆ. ಎರಡನೇ ಸಲ ಬರೆಯಲು ಕೂತು ನೋಟ್‌ಬುಕ್ ತಿರುವಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಸೈನಿಕನ ಭಾಗದಲ್ಲಿ ಮೊದಲ ಸಾಲಿನಿಂದಲೇ “ನಾನು” ಅಂತ ಬರೆದಿದ್ದೆ. ನಾನು ಓಡಿದೆ, ನಾನು ಸತ್ತೆ. ಪ್ರಿಡೇಟರ್‌ಗೆ “ಅವನು”. ಏಲಿಯನ್‌ಗೆ “ಅದು”. ಅದು ಹತ್ತಿತು, ಅದು ಎರಗಿತು. ಆಡಿದ್ದು ನಾನೇ, ಬೆರಳು ನನ್ನದೇ, ಆದರೂ “ಅದು”. ಕನ್ನಡದಲ್ಲಿ ಕ್ರಿಯಾಪದದ ಕೊನೆಯೇ ಯಾರು ಅಂತ ಹೇಳಿಬಿಡುತ್ತದೆ, ಮುಚ್ಚಿಡಲು ಆಗುವುದಿಲ್ಲ. ಪುಟ ತಿರುವುತ್ತಾ ಹೋದರೆ ಕಾಲೊನಿಯ ದೀಪ ಒಡೆಯುವ ಹೊತ್ತಿಗೆ ಏಲಿಯನ್‌ನ ಸಾಲುಗಳೂ ಬದಲಾಗಿದ್ದವು: “ಸೂರಿನ ಮೇಲೆ ಕಾದೆ. ಬಂದ. ಎರಗಿದೆ.” ನನಗೇ ಗೊತ್ತಿಲ್ಲದ ಹಾಗೆ “ಅದು” ಹೋಗಿ “ನಾನು” ಬಂದಿತ್ತು. ಆಟ ಆ ಮೈಯನ್ನು ನನಗೆ ಕೊಟ್ಟಿತು ಅನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಹತ್ತಿರ ಇರಲಿಲ್ಲ. ರಿವ್ಯೂ ಶುರು ಮಾಡಿದ್ದೇ ಈ ಮಾತಿನಿಂದ. ಪ್ರಿಡೇಟರ್ ಮಾತ್ರ ಕೊನೆಯವರೆಗೂ “ಅವನು” ಆಗಿಯೇ ಉಳಿದ. ಅವನನ್ನು ಮೆಚ್ಚಿಕೊಂಡೆ, ಅವನಾಗಲಿಲ್ಲ. ಅದನ್ನೂ ಬರೆದೆ.

ಪದಗಳಿಗೂ ಒದ್ದಾಡಿದೆ. ಮೋಷನ್ ಟ್ರ್ಯಾಕರ್, ಕ್ಲೋಕ್, ಚೆಕ್‌ಪಾಯಿಂಟ್ ಇವನ್ನೆಲ್ಲ ಹಾಗೇ ಇಟ್ಟೆ, ಆಡುವವರು ಅನ್ನುವುದೇ ಹಾಗೆ. ಆದರೆ ಮೊದಲ ಸಲ ಮೂವರ ನಡೆಗೂ ‘ಸ್ಟೆಲ್ತ್’ (ಕಣ್ಣಿಗೆ ಬೀಳದ ಹಾಗೆ ನಡೆಯುವುದು) ಅಂತ ಒಂದೇ ಪದ ಬಳಸಿದ್ದೆ. ಕನ್ನಡದಲ್ಲಿ ಯೋಚಿಸಿದರೆ ಅವು ಬೇರೆ ಬೇರೆ. ಏಲಿಯನ್‌ದು ಹೊಂಚು. ಪ್ರಿಡೇಟರ್‌ದು ಬೇಟೆ, ಅವನಿಗೆ ಆಯ್ಕೆ ಇದೆ, ಹೆಮ್ಮೆ ಇದೆ. ಸೈನಿಕನದು ಬರೀ ತಪ್ಪಿಸಿಕೊಳ್ಳುವುದು. ಈ ಮೂರು ಪದ ಸಿಕ್ಕಿದ ಮೇಲೆ ರಿವ್ಯೂನ ಅರ್ಧ ಭಾಗ ತಾನಾಗೇ ಬರೆಸಿಕೊಂಡಿತು.

ಯಾವ ಕ್ರಮದಲ್ಲಿ ಆಡಬೇಕು ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಸಲಹೆ ಒಂದೇ: ಸೈನಿಕ ಮೊದಲು. ಇದೆಲ್ಲ ಮುಗಿದ ಮೇಲೆ ಇನ್ನೊಮ್ಮೆ ನಾನು ಬೇಕೆಂದೇ ಏಲಿಯನ್‌ನಿಂದ ಶುರು ಮಾಡಿ ನೋಡಿದೆ. ಆಮೇಲೆ ಸೈನಿಕನಾದಾಗ ಬೀಪ್ ಕೇಳಿದರೂ ಎದೆ ಅಷ್ಟಾಗಿ ಹೊಡೆದುಕೊಳ್ಳಲಿಲ್ಲ. ಚುಕ್ಕಿಯ ಒಳಗೆ ಏನಿದೆ, ಅದಕ್ಕೆ ಎಷ್ಟು ಗುಂಡು ಸಾಕು ಅಂತ ಗೊತ್ತಾಗಿಬಿಟ್ಟಿತ್ತಲ್ಲ. ಆ ಭಯ ಒಂದೇ ಸಲ ಸಿಗುವಂಥದ್ದು. ಅದನ್ನು ಮೊದಲು ಅನುಭವಿಸಿ. ರಾತ್ರಿ ಆಡಿ, ಹೆಡ್‌ಫೋನ್ ಹಾಕಿಕೊಳ್ಳಿ, ದಯವಿಟ್ಟು ಬ್ರೈಟ್‌ನೆಸ್ ಏರಿಸಬೇಡಿ. ಕಾಣಿಸುವುದಿಲ್ಲ ಅಂತ ಪರದೆಯನ್ನು ಬೆಳ್ಳಗೆ ಮಾಡಿಕೊಂಡರೆ ಏಲಿಯನ್‌ಗಳ ಕತ್ತಲೂ ಹೋಯಿತು, ನಿಮ್ಮ ಫ್ಲೇರ್‌ಗಳಿಗೂ ಕೆಲಸ ಇಲ್ಲ.

ಅವಧಿಯ ಬಗ್ಗೆ: ನಾನು ಗಡಿಯಾರ ನೋಡಿ ಬರೆದಿಟ್ಟ ಪ್ರಕಾರ ಸೈನಿಕನಿಗೆ ಸುಮಾರು 5 ಗಂಟೆ, ಪ್ರಿಡೇಟರ್‌ಗೆ 3, ಏಲಿಯನ್‌ಗೆ ಎರಡೂವರೆ. ನನಗೆ ಅತಿ ಇಷ್ಟವಾದ ಮೈ ಅತಿ ಬೇಗ ಮುಗಿಯಿತು. ಇದನ್ನು ಮೊದಲ ಸಲವೂ ಹೇಳಿದ್ದೆ, ಎರಡನೇ ಸಲವೂ ಹೇಳಿದೆ. ಮೊದಲ ಸಲ ದೂರಾಗಿ, ಎರಡನೇ ಸಲ ಬೇಸರದಿಂದ. ಎರಡೂ ಸಾಲು ಓದಲು ಬೇರೆ ಬೇರೆ ಥರ ಇವೆ.

ರಕ್ತಪಾತದ ಬಗ್ಗೆ ಪ್ರತ್ಯೇಕ ಪ್ಯಾರಾ ಕೊಟ್ಟೆ, ಮುಚ್ಚುಮರೆ ಇಲ್ಲದೆ. ಪ್ರಿಡೇಟರ್ ಸತ್ತವನ ತಲೆಯನ್ನು ಬೆನ್ನುಮೂಳೆ ಸಮೇತ ಕೀಳುವುದನ್ನು ಈ ಆಟ ಹತ್ತಿರದಿಂದ ತೋರಿಸುತ್ತದೆ. ಏಲಿಯನ್ ಆಗಿ ಆಡುವಾಗ ಆಯುಧ ಇಲ್ಲದ ಸಾಮಾನ್ಯ ಜನರನ್ನು ಹಿಡಿದು, ಮುಖಕ್ಕೆ ಅಂಟಿಕೊಂಡು ಮೈಯೊಳಗೆ ಏಲಿಯನ್ ಮರಿ ಇಡುವ ಫೇಸ್‌ಹಗರ್‌ಗೆ ಒಪ್ಪಿಸುವ ಜಾಗಗಳಿವೆ. ಅವರು ಬೇಡಿಕೊಳ್ಳುತ್ತಾರೆ. ನನಗೆ ಅದು ಕಷ್ಟವಾಯಿತು, ಕಷ್ಟವಾಯಿತು ಅಂತಲೇ ಬರೆದೆ. 2009ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ವರ್ಗೀಕರಣ ಮಂಡಳಿ ಮೊದಲು ಈ ಆಟಕ್ಕೆ ಸರ್ಟಿಫಿಕೇಟ್ ಕೊಡಲು ಒಪ್ಪಿರಲಿಲ್ಲ. ಮೇಲ್ಮನವಿ ಮಾಡಿದ ಮೇಲೆ ಅದೇ ತಿಂಗಳು ಏನೂ ಕತ್ತರಿಸದೆ ಎಂಎ15+, ಅಂದರೆ 15 ವರ್ಷ ತುಂಬಿದವರಿಗೆ, ಅಂತ ಬಿಟ್ಟರು. ಚಿಕ್ಕ ಮಕ್ಕಳು ಓಡಾಡುವ ಹಾಲ್‌ನಲ್ಲಿ ದೊಡ್ಡ ಟಿವಿಗೆ ಹಾಕಿ ಆಡುವ ಆಟ ಅಲ್ಲ ಇದು.

ಜೊತೆಯಾಗಿ ಆಡುವ ಭಾಗಕ್ಕೆ ಗೆಳೆಯರನ್ನು ಸೇರಿಸಿದೆ, ಒಬ್ಬನೇ ಕೂತು ಅದರ ಬಗ್ಗೆ ಬರೆಯುವುದು ಸರಿಯಲ್ಲ ಅಂತ. ಅದರಲ್ಲಿ ‘ಇನ್‌ಫೆಸ್ಟೇಷನ್’ ಅನ್ನುವ ಬಗೆಯಲ್ಲಿ ಶುರುವಿಗೆ ಒಬ್ಬ ಮಾತ್ರ ಏಲಿಯನ್, ಉಳಿದವರೆಲ್ಲ ಸೈನಿಕರು. ಸತ್ತ ಸೈನಿಕ ಏಲಿಯನ್ ಆಗಿ ಎದ್ದು ಬರುತ್ತಾನೆ. ಕೊನೆಗೆ ಉಳಿದದ್ದು ತಮ್ಮ ಒಬ್ಬನೇ. ಒಂದು ಮೂಲೆಗೆ ಬೆನ್ನು ಕೊಟ್ಟು ನಿಂತಿದ್ದ. ಅವನ ಟಾರ್ಚ್ ಎಡಕ್ಕೆ, ಬಲಕ್ಕೆ ತಿರುಗುತ್ತಿತ್ತು. ಆಮೇಲೆ ನಿಧಾನವಾಗಿ ಮೇಲಕ್ಕೆ ಬಂತು, ನೇರ ನನ್ನ ಮುಖಕ್ಕೆ.