ಬಿರುಸೋ ಮೆತ್ತಗೋ: ಪರ್ಸು, ಬೆಲ್ಟು, ಬ್ಯಾಗಿಗೆ ಚರ್ಮ ಆರಿಸುವುದು ಹೇಗೆ

ಚರ್ಮದ ಕೆಲಸ ಹೊಸದಾಗಿ ಶುರು ಮಾಡಿದವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, "ಎಷ್ಟು ಮಿಲಿಮೀಟರ್ ದಪ್ಪದ್ದು ತಗೊಳ್ಳಲಿ?" ಇದಕ್ಕೆ ಉತ್ತರ ಸಿಕ್ಕರೂ ಕೆಲಸ ಮುಗಿಯುವುದಿಲ್ಲ. 2 ಮಿ.ಮೀ. ದಪ್ಪದ ಎರಡು ತುಂಡು ಕೈಗೆ ತಗೊಳ್ಳಿ. ಒಂದು ನೆಟ್ಟಗೆ ನಿಲ್ಲುತ್ತದೆ, ಇನ್ನೊಂದು ಜೋತು ಬೀಳುತ್ತದೆ. ಚರ್ಮ ಹದ ಮಾಡಿದ ರೀತಿ, ಒಳಗೆ ಸೇರಿರುವ ಎಣ್ಣೆ, ಪ್ರಾಣಿಯ ಮೈಯ ಯಾವ ಭಾಗದ್ದು ಎಂಬುದು, ಎಲ್ಲ ಸೇರಿ ಬಿರುಸು ತೀರ್ಮಾನವಾಗುತ್ತದೆ. ದಪ್ಪ ಅದರಲ್ಲಿ ಒಂದು, ಅಷ್ಟೆ.

ಮೊದಲು ಹದದ ವಿಷಯ. ಮರದ ತೊಗಟೆ, ಕಾಯಿಗಳ ಒಗರಿನಿಂದ ಹದ ಮಾಡಿದ್ದು ವೆಜ್ ಟ್ಯಾನ್. ನಮ್ಮ ಅಥಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ನೋಡಿದ್ದೀರಲ್ವಾ, ಅದು ಇದೇ ಜಾತಿ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ. ಹೊಸ ಜೋಡಿ ಕಾಲು ಕಚ್ಚುವುದು, ಆಮೇಲೆ ನಿಮ್ಮ ಪಾದದ ಆಕಾರಕ್ಕೇ ಒಗ್ಗಿಕೊಳ್ಳುವುದು, ಎರಡೂ ಆ ಹದದ ಗುಣವೇ. (2019ರಲ್ಲಿ ಈ ಚಪ್ಪಲಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿದವು. ಹೆಸರು ಕೊಲ್ಹಾಪುರದ್ದು, ಕೆಲಸದಲ್ಲಿ ಅರ್ಧ ಪಾಲು ನಮ್ಮದು.) ವೆಜ್ ಟ್ಯಾನ್ ಸಾಮಾನ್ಯವಾಗಿ ಬಿರುಸು. ಒದ್ದೆ ಮಾಡಿದರೆ ಮೆತ್ತಗಾಗುತ್ತದೆ, ಆಗ ಅಚ್ಚಿಗೆ ಒತ್ತಿ ಒಣಗಿಸಿದರೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಚಿತ್ತಾರ ಕೆತ್ತುವುದಕ್ಕೂ, ಅಂಚನ್ನು ಉಜ್ಜಿ ಹೊಳಪು ಬರಿಸುವುದಕ್ಕೂ ಇದೇ ಬೇಕು.

ಇನ್ನೊಂದು ಕ್ರೋಮ್ ಟ್ಯಾನ್. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ವೆಜ್ ಟ್ಯಾನ್‌ಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿದರೆ ಇಲ್ಲಿ ಹದ ಕೂರುವುದಕ್ಕೆ ಒಂದು ದಿನದ ಆಸುಪಾಸು ಸಾಕು. ಜಾಕೆಟ್, ಸೋಫಾ, ಶೂಗಳ ಮೇಲ್ಭಾಗ, ಮೆತ್ತನೆ ಬ್ಯಾಗು, ಹೆಚ್ಚಿನವು ಇದರಲ್ಲೇ ಆಗುತ್ತವೆ. ಮೆತ್ತಗೆ, ಬಳುಕುತ್ತದೆ, ನೀರಿಗೆ ಅಷ್ಟಾಗಿ ಹೆದರುವುದಿಲ್ಲ. ಆದರೆ ಅಚ್ಚಿಗೆ ಒತ್ತಿದರೆ ನಿಲ್ಲುವುದಿಲ್ಲ. ಎಷ್ಟು ಒದ್ದೆ ಮಾಡಿ ಬಡಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಚಪ್ಪಟೆ.

ಹದವನ್ನೇ ಮಾಡದೆ, ಕೂದಲು ತೆಗೆದು ಎಳೆದು ಒಣಗಿಸಿದರೆ ಎಲ್ಲಕ್ಕಿಂತ ಬಿರುಸು. ತೊಗಲು ಗೊಂಬೆಗೆ ಬಳಸುವ ಆಡಿನ ತೊಗಲು ಅಂಥದ್ದು. ಅದಕ್ಕೇ ಗೊಂಬೆ ಪರದೆಯ ಹಿಂದೆ ಸೆಟೆದು ನಿಲ್ಲುತ್ತದೆ, ದೀಪದ ಬೆಳಕೂ ಒಳಗಿಂದ ಹಾಯುತ್ತದೆ. ಪರ್ಸಿಗೆ ಅದು ಬೇಡ.

ಕೊಂಡದ್ದು ಯಾವುದು ಅನ್ನುವ ಅನುಮಾನ ಬಂದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಚೂರನ್ನು ಕುದಿಯುವ ನೀರಿಗೆ ಹಾಕಿ. ವೆಜ್ ಟ್ಯಾನ್ ಆದರೆ ಒಂದೆರಡು ನಿಮಿಷದಲ್ಲೇ ಸುರುಟಿಕೊಂಡು ಕುಗ್ಗುತ್ತದೆ, ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಒಳ್ಳೆ ಕ್ರೋಮ್ ಟ್ಯಾನ್ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಎರಡೂ ಹದ ಬೆರೆಸಿ ಮಾಡಿದ್ದು ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ, ಹಾಗಾಗಿ ಅಂಗಡಿಯವರು "ವೆಜ್ಜೇ ಸಾರ್" ಅಂದ ಮಾತ್ರಕ್ಕೆ ನಂಬಬೇಕಿಲ್ಲ. ಒಂದು ಚೂರು ಕೇಳಿ ತಗೊಂಡು ಬನ್ನಿ.

ಈಗ ದಪ್ಪ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ದಪ್ಪ ಎರಡು ಪಟ್ಟಾದರೆ ಬಿರುಸು ಎರಡು ಪಟ್ಟಾಗುವುದಿಲ್ಲ, ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ. ಬಾಗುವ ಯಾವುದೇ ಹಾಳೆಗೂ ಇದೇ ಲೆಕ್ಕ, ದಪ್ಪದ ಘನಕ್ಕೆ ತಕ್ಕಂತೆ ಬಿರುಸು ಏರುತ್ತದೆ. ಒಂದೇ ತರದ ಚರ್ಮದಲ್ಲಿ 1 ಮಿ.ಮೀ. ಬದಲು 1.2 ತಗೊಂಡರೆ ಬರೀ 0.2 ತಾನೇ ಅನಿಸುತ್ತದೆ, ಆದರೆ ಬಗ್ಗಿಸುವಾಗ ಸುಮಾರು 70 ಶೇಕಡಾ ಜಾಸ್ತಿ ತಡೆ ಕೊಡುತ್ತದೆ. ಹಾಗಾಗಿ "ಇರಲಿ, ಸ್ವಲ್ಪ ದಪ್ಪದ್ದೇ ಒಳ್ಳೆಯದು" ಅನ್ನುವ ಆಸೆ ಬಿಡಿ.

ಅಂಟಿಗೂ ಇದೇ ಲೆಕ್ಕ ಬರುತ್ತದೆ. 1 ಮಿ.ಮೀ.ಯ ಎರಡು ಪದರ ಸುಮ್ನೆ ಒಂದರ ಮೇಲೊಂದು ಇದ್ದರೆ ಬಗ್ಗಿಸುವಾಗ ಒಂದರ ಮೇಲೊಂದು ಜಾರುತ್ತವೆ, ಬಿರುಸು ಎರಡು ಪಟ್ಟು ಮಾತ್ರ. ಅದೇ ಎರಡನ್ನೂ ಪೂರ್ತಿ ಅಂಟು ಬಳಿದು ಕೂಡಿಸಿದರೆ ಒಂದೇ 2 ಮಿ.ಮೀ. ಹಾಳೆಯಾಗುತ್ತದೆ, ಅಂದರೆ ಹತ್ತಿರ ಹತ್ತಿರ ಎಂಟು ಪಟ್ಟು. ಮೆತ್ತನೆ ಬ್ಯಾಗಿಗೆ ಲೈನಿಂಗ್ ಹಾಕುವಾಗ ಅಂಚಿಗೆ ಮಾತ್ರ ಅಂಟು ಹಾಕಿ. ಸೆಟೆದು ನಿಲ್ಲುವ ಡಬ್ಬಿ, ಚಾಳೀಸಿನ ಕೇಸು ಬೇಕಿದ್ದರೆ ಪೂರ್ತಿ ಬಳಿಯಿರಿ. ಬ್ಯಾಗಿನ ಮುಚ್ಚಳದಂಥ ಬಾಗುವ ಜಾಗದಲ್ಲಿ ಪೂರ್ತಿ ಅಂಟಿಸಲೇಬೇಕಾದರೆ, ಬಾಗಿಸಿ ಹಿಡಿದೇ ಅಂಟಿಸಿ. ಚಪ್ಪಟೆಯಾಗಿಟ್ಟು ಅಂಟಿಸಿದರೆ ಬಗ್ಗಿಸಿದಾಗ ಒಳಪದರ ಸುಕ್ಕುಗಟ್ಟುತ್ತದೆ.

ಮಡಚುವ ಪರ್ಸಿನ ಲೆಕ್ಕ ನೋಡಿ. ಹೊರಗಿನದು 1.2, ಒಂದೊಂದು ಮಗ್ಗುಲಿಗೆ ಮೂರು ಜೇಬು, ಪ್ರತಿಯೊಂದೂ 0.8. ಜೇಬುಗಳು ಒಂದರ ಮೇಲೊಂದು ಕೂರುವ ಜಾಗದಲ್ಲಿ ಒಂದು ಮಗ್ಗುಲು 3.6 ಮಿ.ಮೀ., ಮಡಚಿದರೆ 7.2. ಎಲ್ಲದಕ್ಕೂ 2 ಮಿ.ಮೀ. ಹಾಕಿದರೆ? ಮಡಚಿದಾಗ 16 ಮಿ.ಮೀ., ಅದೂ ಕಾರ್ಡು, ದುಡ್ಡು ಇಡುವ ಮೊದಲೇ. ಅದು ಪ್ಯಾಂಟಿನ ಜೇಬಿಗೆ ಇಳಿಯುವ ಮಾತಲ್ಲ.

ಬೆಲ್ಟಿನ ಕಥೆ ಬೇರೆ. ಅದಕ್ಕೆ 3ರಿಂದ 4 ಮಿ.ಮೀ.ಯ ಬಿರುಸು ವೆಜ್ ಟ್ಯಾನ್ ಒಂದೇ ಪದರ ಸಾಕು. ಆದರೆ ಮೈಯ ಯಾವ ಭಾಗ ಅನ್ನುವುದು ಇಲ್ಲಿ ತುಂಬಾ ಮುಖ್ಯ. ಬೆನ್ನಿನ ಚರ್ಮದಲ್ಲಿ ನಾರು ಒತ್ತೊತ್ತಾಗಿರುತ್ತದೆ, ಹೊಟ್ಟೆಯದರಲ್ಲಿ ಸಡಿಲ. ಹೊಟ್ಟೆ ಭಾಗದಲ್ಲಿ ಕತ್ತರಿಸಿದ ಬೆಲ್ಟು ಕೆಲವೇ ತಿಂಗಳಲ್ಲಿ ಎಳೆದುಕೊಂಡು ಅಲೆಅಲೆಯಾಗುತ್ತದೆ, ತೂತುಗಳು ಉದ್ದವಾಗುತ್ತವೆ. ಬೆನ್ನುಮೂಳೆಯ ಗುಂಟ ಉದ್ದಕ್ಕೆ ಕತ್ತರಿಸಿ, ಆ ದಿಕ್ಕಿನಲ್ಲಿ ಎಳೆತ ಕಡಿಮೆ. ಹೆಗಲಿನ ಭಾಗ ಇವೆರಡರ ನಡುವೆ, ಬೆಲೆಯೂ ಬೆನ್ನಿಗಿಂತ ಕಡಿಮೆ. ಬ್ಯಾಗು, ನೋಟ್‌ಬುಕ್ ಕವರಿಗೆ ನನಗೆ ಅದೇ ಇಷ್ಟ. ಕತ್ತಿನ ಹತ್ತಿರದ ಗೆರೆಗಳನ್ನು ಕೆಲವರು ದೋಷ ಅನ್ನುತ್ತಾರೆ, ನನಗೆ ಅದೇ ಚೆಂದ.

ಉಳಿದವು ಬೇಗ ಹೇಳಿಬಿಡುತ್ತೇನೆ. ತಾನಾಗೇ ನಿಲ್ಲುವ ಆಫೀಸ್ ಬ್ಯಾಗಿಗೆ 2ರಿಂದ 2.5 ಮಿ.ಮೀ. ವೆಜ್ ಟ್ಯಾನ್. ಹೆಗಲಿಗೆ ಜೋತುಬೀಳುವ ಮೆತ್ತನೆ ಬ್ಯಾಗಿಗೆ 1.4ರಿಂದ 1.8ರ ಕ್ರೋಮ್. ಚಾಕುವಿನ ಒರೆಗೆ 3ರ ಆಸುಪಾಸಿನ ವೆಜ್ ಟ್ಯಾನ್, ಒದ್ದೆ ಮಾಡಿ ಅಚ್ಚೊತ್ತಿದ್ದು. ಲೈನಿಂಗಿಗೆ, ಪರ್ಸಿನ ಒಳಜೇಬಿಗೆ ಆಡಿನ ಚರ್ಮ, ತೆಳ್ಳಗಿದ್ದರೂ ಗಟ್ಟಿ. ಕುರಿಯದು ಮುಟ್ಟುವುದಕ್ಕೆ ಹಿತ, ಆದರೆ ಬೇಗ ಹರಿಯುತ್ತದೆ, ಜಾಕೆಟ್ಟಿಗೆ ಬಿಡಿ.

ವಿದೇಶಿ ವಿಡಿಯೋ ನೋಡುವವರಿಗೆ ಒಂದು ಮಾತು. ಅವರು ದಪ್ಪವನ್ನು ಔನ್ಸಿನಲ್ಲಿ ಹೇಳುತ್ತಾರೆ. 1 ಔನ್ಸ್ ಅಂದರೆ ಇಂಚಿನ 64ನೇ ಒಂದು ಭಾಗ, ಸುಮಾರು 0.4 ಮಿ.ಮೀ. 8 ಔನ್ಸ್ ಅಂದರೆ 3.2.

ಅಂಗಡಿಯಲ್ಲಿ ಕೈಯೇ ಅಳತೆಗೋಲು. ಬೆಂಗಳೂರಿನಿಂದ ಚೆನ್ನೈನ ಚರ್ಮದ ಪೇಟೆ ಪೆರಿಯಮೇಟ್‌ಗೆ ಹೋಗಿ ಬರುವವರಿದ್ದಾರೆ, ಹೋದರೆ ಅವಸರ ಮಾಡಬೇಡಿ. ಚರ್ಮದ ಅಂಚನ್ನು ಮೇಜಿನಾಚೆ ಒಂದು ಗೇಣು ಚಾಚಿ, ಎಷ್ಟು ಇಳಿಬೀಳುತ್ತದೆ ನೋಡಿ. ಎರಡು ಮೂರು ಹಾಳೆಗೆ ಹೀಗೇ ಮಾಡಿದರೆ ಅಂಗಡಿಯವರ ವರ್ಣನೆಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಆಮೇಲೆ ನಯದ ಬದಿ ಒಳಗೆ ಬರುವಂತೆ ಬಗ್ಗಿಸಿ. ಸಣ್ಣ ಸಣ್ಣ ಸುಕ್ಕು ಬಂದು ಬಿಟ್ಟ ತಕ್ಷಣ ಮಾಯವಾದರೆ ಒಳ್ಳೆಯದು, ದಪ್ಪ ಮಡಿಕೆಗಳೆದ್ದು ಮೇಲ್ಪದರ ಬಿಟ್ಟುಕೊಂಡಂತೆ ಕಂಡರೆ ನಾರು ಸಡಿಲ. ಬೆನ್ನಿನ ಹತ್ತಿರ ಒಮ್ಮೆ, ಹೊಟ್ಟೆ ಹತ್ತಿರ ಒಮ್ಮೆ ಬಗ್ಗಿಸಿ, ಒಂದೇ ಹಾಳೆಯಲ್ಲಿ ಎರಡು ಚರ್ಮ ಸಿಗುತ್ತದೆ.

ತಂದ ಮೇಲೆ ಬಿರುಸು ಬದಲಾಯಿಸಬಹುದಾ? ಸ್ವಲ್ಪ ಮಟ್ಟಿಗೆ. ಮೆತ್ತಗೆ ಮಾಡುವುದು ಸುಲಭ: ತೆಳುವಾಗಿ ನೀಟ್ಸ್‌ಫುಟ್ ಎಣ್ಣೆ (ದನದ ಕಾಲಿನಿಂದ ತೆಗೆಯುವ ಎಣ್ಣೆ) ಸವರಿ, ಒಂದು ರಾತ್ರಿ ಬಿಟ್ಟು, ಸುರುಳಿ ಸುತ್ತಿ ಉರುಳಿಸಿ. ಎಣ್ಣೆ ಜಾಸ್ತಿಯಾದರೆ ಮತ್ತೆ ತೆಗೆಯಲು ಆಗುವುದಿಲ್ಲ, ಮಲೆನಾಡು ಕರಾವಳಿಯ ಮಳೆಗಾಲದಲ್ಲಿ ಬೂಷ್ಟಿಗೂ ಹಬ್ಬ. ಮಡಿಕೆ ಬರುವ ಜಾಗದಲ್ಲಿ ಮಾತ್ರ ಒಳಬದಿಯನ್ನು ಕತ್ತಿಯಿಂದ ಕೆತ್ತಿ ತೆಳು ಮಾಡುವುದು ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಉಪಾಯ, ಘನದ ಲೆಕ್ಕ ಇಲ್ಲಿ ನಿಮ್ಮ ಪರವಾಗಿರುತ್ತದೆ. ಮೆತ್ತನೆಯದನ್ನು ಬಿರುಸು ಮಾಡುವುದು ಕಷ್ಟ. ಕ್ರೋಮ್ ಆದರೆ ಒಳಗೆ ಬೋರ್ಡು ಇಟ್ಟು ಹೊಲಿಯಬೇಕು, ಇಲ್ಲವೇ ಇನ್ನೊಂದು ಪದರ ಪೂರ್ತಿ ಅಂಟಿಸಬೇಕು. ವೆಜ್ ಟ್ಯಾನನ್ನು ಬಿಸಿನೀರಲ್ಲಿ ಅದ್ದಿ ಗಟ್ಟಿ ಮಾಡಬಹುದು, ಆದರೆ ಕುಗ್ಗುತ್ತದೆ, ಕೈ ಪಳಗುವವರೆಗೆ ಚೂರುಗಳಲ್ಲೇ ಮಾಡಿ ನೋಡಿ.

ಮೊದಲ ಸಲ ಕೊಳ್ಳುವುದಾದರೆ 1.8 ಮಿ.ಮೀ.ಯ ವೆಜ್ ಟ್ಯಾನ್ ಹೆಗಲಿನ ತುಂಡು ಒಂದು, 0.8ರ ಆಡಿನ ಚರ್ಮ ಒಂದು ತಗೊಳ್ಳಿ. ಕೀ ಗೊಂಚಲು, ಕಾರ್ಡ್ ಹೋಲ್ಡರ್, ನೋಟ್‌ಬುಕ್ ಕವರ್, ಚಾಳೀಸಿನ ಕೇಸು ಎಲ್ಲ ಇವೆರಡರಲ್ಲೇ ಆಗುತ್ತದೆ. ಬೆಲ್ಟಿಗೆ ಮಾತ್ರ ಇಡೀ ಹಾಳೆ ಬೇಡ, ಬೆನ್ನಿನ ಭಾಗದಿಂದ ಕತ್ತರಿಸಿದ ಪಟ್ಟಿ ಬಿಡಿಯಾಗಿ ಸಿಗುತ್ತದೆ, ಅದನ್ನೇ ಕೇಳಿ.