ಅಳಿಯನ ಬ್ಯಾಗಿನಲ್ಲಿ ಬಾಟ್ಲಿ ಬೇಡ

ಕಳೆದ ತಿಂಗಳು ರಾತ್ರಿ ಹನ್ನೊಂದಕ್ಕೆ ಅಕ್ಕನ ಮಗನ ಫೋನು. ಅಮೆರಿಕದಲ್ಲಿ ಓದುತ್ತಿದ್ದಾನೆ, ವಯಸ್ಸು 19.

"ಮಾಮ, ಬರುವಾಗ ಒಂದು ಬಾಟ್ಲಿ ತಂದರೆ ಕಸ್ಟಮ್ಸ್‌ನವರು ಹಿಡಿಯುತ್ತಾರಾ?"

"ಯಾರಿಗೆ ಮಾರಾಯ ಬಾಟ್ಲಿ?"

"ನನಗಲ್ಲ, ಅಜ್ಜನಿಗೆ."

ಅವನ ಅಜ್ಜ, ಅಂದರೆ ನನ್ನ ಅಪ್ಪ, ತೀರಿಹೋಗಿ ಏಳು ವರ್ಷ ಆಯಿತು. ಒಂದು ಗಳಿಗೆ ತಲೆ ಓಡಲಿಲ್ಲ. ಮತ್ತೆ ಹೊಳೆಯಿತು, ನಮ್ಮ ತುಳುನಾಡಿನ ದೈವ ಕೊರಗಜ್ಜ. ಹುಡುಗನ ವೀಸಾ ಆಗಲಿ ಎಂದು ಅಕ್ಕ ಅಗೇಲು ಸೇವೆ, ಅಂದರೆ ಎಡೆ ಇಡುವ ಹರಕೆ, ಹೇಳಿಕೊಂಡಿದ್ದಳು. ಚಕ್ಕುಲಿ, ಬೀಡ, ಜೊತೆಗೆ ಕಳ್ಳೋ ಸಾರಾಯಿಯೋ ಇಡುವುದು ನಮ್ಮಲ್ಲಿ ರೂಢಿ. ವೀಸಾ ಕೊಡಿಸಿದ್ದು ಅಜ್ಜ, ಹಾಗಾಗಿ ಬಾಟ್ಲಿಯೂ ಫಾರಿನ್ ಆಗಬೇಕು ಎಂಬುದು ಅಳಿಯನ ಲೆಕ್ಕ.

ನಾನು ದುಬೈಯಲ್ಲಿ ಹದಿನೇಳು ವರ್ಷ ಸ್ಟೋರ್ ಕೀಪರ್ ಆಗಿದ್ದವ. ಈಗ ಕಿನ್ನಿಗೋಳಿಯಲ್ಲಿ ಸಣ್ಣ ಅಂಗಡಿ. ಪ್ರತಿ ರಜೆಗೂ ಬಜಪೆಯಲ್ಲಿ, ಅಂದರೆ ಮಂಗಳೂರು ವಿಮಾನ ನಿಲ್ದಾಣದಲ್ಲಿ, ಬಾಟ್ಲಿ ಸಮೇತ ಇಳಿದವ, ಒಮ್ಮೆ ಸಿಕ್ಕಿಬಿದ್ದವ ಕೂಡ. ಅದಕ್ಕೇ ಊರಿನವರೆಲ್ಲ ಈ ಪ್ರಶ್ನೆ ನನ್ನ ಹತ್ತಿರವೇ ತರುತ್ತಾರೆ. ಅಳಿಯನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ವಯಸ್ಸು. ಅಮೆರಿಕದಲ್ಲಿ 21 ಆಗದವನಿಗೆ ಅಂಗಡಿಯವ ಮದ್ಯ ಮಾರುವುದಿಲ್ಲ, ವಿಮಾನ ನಿಲ್ದಾಣದ ಡ್ಯೂಟಿ ಫ್ರೀಯೂ ಇದಕ್ಕೆ ಹೊರತಲ್ಲ. ದುಬೈ ದಾರಿ ಹಿಡಿದರೆ ಅಲ್ಲಿಯೂ 21. ನಮ್ಮ ಕರ್ನಾಟಕದಲ್ಲಿ ಸ್ವಲ್ಪ ಗೊಂದಲ ಉಂಟು: 1965ರ ಅಬಕಾರಿ ಕಾಯ್ದೆಯಲ್ಲಿ 18 ಎಂದಿದೆ, 1967ರ ಸನ್ನದು ನಿಯಮದಲ್ಲಿ 21. 2023ರಲ್ಲಿ ನಿಯಮವನ್ನೂ 18ಕ್ಕೆ ತರುತ್ತೇವೆಂದು ಸರಕಾರ ಕರಡು ಹೊರಡಿಸಿ, ಜನ ಬೊಬ್ಬೆ ಹಾಕಿದ ಮೇಲೆ ಹಿಂದೆ ತೆಗೆದುಕೊಂಡಿತು. ತಲಪಾಡಿ ದಾಟಿದರೆ ಕೇರಳ, ಅಲ್ಲಿ 23. ಬಜಪೆಯಲ್ಲಿ ಇಳಿದು ಕಾಸರಗೋಡಿಗೆ ಕಾರು ಹತ್ತುವ ಹುಡುಗರಿಗೆ ಇದು ನೆನಪಿರಲಿ. ಗೋವದಲ್ಲಾದರೆ 18. ಹಾಗಾಗಿ 19ರ ಹುಡುಗ ಬಾಟ್ಲಿ ತರುವುದು ಹೇಗೆ ಎಂಬ ಪ್ರಶ್ನೆಗೆ ನನ್ನ ಉತ್ತರ ಒಂದೇ: ತರಬಾರದು. ಬೇಕಾದರೆ ಪ್ರಾಯ ಆದವರು ತಮ್ಮ ಲೆಕ್ಕದಲ್ಲಿ, ತಮ್ಮ ಚೀಲದಲ್ಲಿ, ತಮ್ಮ ಹೆಸರಿನ ಬಿಲ್ ಸಮೇತ ತರಲಿ.

ಈ 'ತಮ್ಮ ಲೆಕ್ಕದಲ್ಲಿ' ಎಂಬ ಮಾತು ನಾನು ದುಡ್ಡು ಕೊಟ್ಟು ಕಲಿತದ್ದು.

2017ರ ಏಪ್ರಿಲ್ ರಜೆ. ನಾನು, ಹೆಂಡತಿ, ಹದಿನಾರರ ಮಗ. ಒಬ್ಬ ಪ್ರಯಾಣಿಕನಿಗೆ ಸುಂಕವಿಲ್ಲದೆ 2 ಲೀಟರ್ ಎಂದು ಗೊತ್ತಿತ್ತು. ಮೂವರಿಗೆ ಆರು ಲೀಟರ್ ಅಂತ ನಾನೇ ಗುಣಿಸಿಕೊಂಡೆ. ತಮ್ಮನ ಮದುವೆ ಬೇರೆ ಇತ್ತು. ಒಂದು ಲೀಟರಿನ ಆರು ಬಾಟ್ಲಿ. ಎರಡು ನನ್ನ ಚೀಲದಲ್ಲಿ, ಎರಡು ಹೆಂಡತಿಯ ಕೈಚೀಲದಲ್ಲಿ (ಅವಳಿಗೆ ಅದರ ವಾಸನೆಯೇ ಆಗುವುದಿಲ್ಲ), ಇನ್ನೆರಡು ಮಗನ ಶಾಲೆಯ ಬ್ಯಾಗಿನಲ್ಲಿ, ಫಿಸಿಕ್ಸ್ ಪುಸ್ತಕದ ಹಿಂದೆ. ಸುಂಕ ಕಟ್ಟುವಂಥದ್ದು ಏನೂ ಇಲ್ಲ ಎನ್ನುವವರ ಹಸಿರು ದಾರಿಯಲ್ಲಿ ತಲೆ ತಗ್ಗಿಸಿ ನಡೆದೆವು. ಅಧಿಕಾರಿ ನನ್ನನ್ನು ಕೇಳಲಿಲ್ಲ, ಮಗನನ್ನು ಕರೆದರು.

"ಇದು ಯಾರದ್ದು ಮಗಾ?"

"ಪಪ್ಪನದು."

ಸುಳ್ಳು ಹೇಳಬಾರದು ಎಂದು ಹದಿನಾರು ವರ್ಷ ಕಲಿಸಿದವ ನಾನೇ. ಅಲ್ಲಿಗೆ ನನ್ನ ಲೆಕ್ಕ ಆರು ಲೀಟರ್, ರಿಯಾಯಿತಿ ಎರಡೇ. ಒಬ್ಬನ ರಿಯಾಯಿತಿಯನ್ನು ಇನ್ನೊಬ್ಬನದಕ್ಕೆ ಸೇರಿಸುವಂತಿಲ್ಲ ಎಂದು 2016ರ ಬ್ಯಾಗೇಜ್ ನಿಯಮದಲ್ಲಿ ಬರೆದೇ ಇತ್ತು. ಅಧಿಕಾರಿ ಕಾಗದ ತೆಗೆದು ಓದಿಸಿದರು. ಹೆಚ್ಚಿನದಕ್ಕೆ ಹಾಕಿದ ಸುಂಕ ಬಾಟ್ಲಿಯ ಬೆಲೆಯನ್ನೇ ಮೀರಿತ್ತು. ನಾಲ್ಕು ಬಾಟ್ಲಿ ಅಲ್ಲೇ ಬಿಟ್ಟು ಬಂದೆ. ಹಣ ಹೋದದ್ದು ಹೋಗಲಿ, ಕಾರಿನಲ್ಲಿ ಮನೆಯವರೆಗೆ ಹೆಂಡತಿ ಒಂದು ಮಾತು ಆಡಲಿಲ್ಲ. ಮೂಲ್ಕಿಯ ಹತ್ತಿರ ಮಗ ಮೆಲ್ಲ ಕೇಳಿದ, "ಪಪ್ಪ, ನನ್ನ ಹೆಸರು ಅವರು ಬರೆದುಕೊಂಡರಾ?" ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಹಾಗಾಗಿ ಗಲ್ಫಿನ ಅಪ್ಪಂದಿರೇ, ಚಿಕ್ಕಪ್ಪಂದಿರೇ, ಮಕ್ಕಳ ಪಾಸ್‌ಪೋರ್ಟನ್ನು ಲೀಟರಿನ ಲೆಕ್ಕಕ್ಕೆ ಎಣಿಸಬೇಡಿ. ಕಾಲೇಜು ಮಕ್ಕಳೂ ಅಷ್ಟೇ. ಅಲ್ಲಿ ಪರಿಚಯದವರು "ಊರಿಗೆ ಹೋಗ್ತೀಯಲ್ಲ, ಇದೊಂದು ನಮ್ಮ ಮನೆಗೆ ಮುಟ್ಟಿಸು" ಎಂದು ಸುತ್ತಿದ ಪೊಟ್ಟಣ ಕೈಗಿಟ್ಟರೆ, ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ಬಾಟ್ಲಿ ಇದ್ದರೆ ಆಗುವುದಿಲ್ಲ ಎನ್ನಿ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವವರು ನೀವೇ.

ಪ್ರಾಯ ಆದವರು ತರುವಾಗ ಅಳತೆ ನೋಡಿಕೊಳ್ಳಬೇಕು. ಎರಡು ಲೀಟರ್ ಎಂದರೆ ಎಲ್ಲ ಸೇರಿ ಎರಡು: ವಿಸ್ಕಿ, ವೈನ್, ಬಿಯರ್ ಒಟ್ಟಿಗೆ. ಒಂದು ಲೀಟರಿನದು ಎರಡು ಸರಿ. ಮುಕ್ಕಾಲು ಲೀಟರಿನ ಬಾಟ್ಲಿಯಾದರೆ ಎರಡೇ, ಮೂರನೆಯದು ಹಾಕಿದರೆ 2.25 ಆಗಿ ತಪ್ಪುತ್ತದೆ. 330 ಮಿಲಿಯ ಬಿಯರ್ ಕ್ಯಾನ್ ಆರು ತಂದರೆ 1.98, ಕೂದಲೆಳೆಯಷ್ಟು ಒಳಗೆ. ಅದಕ್ಕಿಂತ ಹೆಚ್ಚು ತಂದಿದ್ದರೆ ಕೆಂಪು ದಾರಿಗೆ ಹೋಗಿ ನೀವಾಗಿಯೇ ಹೇಳಿ, ಬಿಲ್ ತೋರಿಸಿ, ಸುಂಕ ಕಟ್ಟಿ. ಬಿಲ್ ಇಲ್ಲದಿದ್ದರೆ ಬೆಲೆ ಅವರು ಕಟ್ಟಿದ್ದೇ. ಹಸಿರು ದಾರಿಯಲ್ಲಿ ಸಿಕ್ಕಿಬಿದ್ದರೆ ಮಾತು ಸುಂಕಕ್ಕೆ ನಿಲ್ಲುವುದಿಲ್ಲ, 1962ರ ಕಸ್ಟಮ್ಸ್ ಕಾಯ್ದೆಯಂತೆ ಮಾಲು ಜಪ್ತಿ, ಮೇಲೆ ದಂಡ. ಎಳೆಯರ ಚೀಲದಲ್ಲಿ ಹೇಗೋ ಬಾಟ್ಲಿ ಸೇರಿಬಿಟ್ಟಿದೆ, ವಿಮಾನದಲ್ಲಿ ಗೊತ್ತಾಯಿತು ಎಂದುಕೊಳ್ಳಿ. ಆಗಲೂ ಅದೇ ಕೆಂಪು ದಾರಿ, ಯಾರು ಕೊಟ್ಟರೋ ಅವರ ಹೆಸರು, ಅಷ್ಟೆ. ಶೌಚಾಲಯದಲ್ಲಿ ಇಟ್ಟು ಬರುವ ಬುದ್ಧಿ ಬೇಡ, ವಾರಸುದಾರರಿಲ್ಲದ ಪೊಟ್ಟಣ ಎಂದು ಬೇರೆಯೇ ಗಲಾಟೆ ಆಗುತ್ತದೆ.

ಅಮೆರಿಕದಿಂದ ಬರುವವರಿಗೆ ಇನ್ನೊಂದು ತಾಪತ್ರಯ. ಬಜಪೆಗೆ ಅಲ್ಲಿಂದ ನೇರ ವಿಮಾನ ಇಲ್ಲ. ಮುಂಬೈಯಲ್ಲೋ ಬೆಂಗಳೂರಲ್ಲೋ ಇಳಿದರೆ ಸಾಮಾನ್ಯವಾಗಿ ಕಸ್ಟಮ್ಸ್ ಅಲ್ಲೇ ಮುಗಿಯುತ್ತದೆ, ಮತ್ತೆ ಸೆಕ್ಯೂರಿಟಿ ದಾಟಿ ಮಂಗಳೂರಿನ ವಿಮಾನ. ಕೈಚೀಲದಲ್ಲಿ ದೊಡ್ಡ ಬಾಟ್ಲಿ ಇದ್ದರೆ ಅಲ್ಲಿ ತಗಾದೆ ಆಗಬಹುದು. ಮುಂಬೈಯಲ್ಲಿ ಪೆಟ್ಟಿಗೆ ಕೈಗೆ ಬಂದಾಗಲೇ ಬಾಟ್ಲಿಯನ್ನು ಅದರೊಳಗೆ ಹಾಕಿ ಕೌಂಟರಿಗೆ ಕೊಟ್ಟುಬಿಡುವುದು ಒಳ್ಳೆಯದು. ಶೇ. 70ಕ್ಕಿಂತ ಗಡುಸಾದದ್ದನ್ನು ವಿಮಾನದಲ್ಲಿ ತರಲೇ ಆಗುವುದಿಲ್ಲ, ಪೆಟ್ಟಿಗೆಯಲ್ಲಿಯೂ ಇಲ್ಲ, ಕೈಯಲ್ಲಿಯೂ ಇಲ್ಲ.

ಪೆಟ್ಟಿಗೆಗೆ ಹಾಕುವುದೂ ಒಂದು ವಿದ್ಯೆ. ಒಂದು ಸಲ ನಾನು ಬಾಟ್ಲಿಯನ್ನು ಪೆಟ್ಟಿಗೆಯ ಮೂಲೆಗೆ ನಿಲ್ಲಿಸಿ, ಸುತ್ತ ಬನಿಯನ್ ತುರುಕಿದ್ದೆ. ಬಜಪೆಯಲ್ಲಿ ಬೆಲ್ಟ್ ಮೇಲೆ ಪೆಟ್ಟಿಗೆ ಬರುವ ಮೊದಲೇ ಪರಿಮಳ ಬಂತು. ಒಳಗೆ ಅಮ್ಮನಿಗೆ ತಂದ ಎರಡು ಕಿಲೋ ಖರ್ಜೂರ, ಹಾಲಿನ ಪುಡಿ, ನೋವಿನ ಎಣ್ಣೆ, ಅತ್ತೆಯ ಸೀರೆ, ಎಲ್ಲಕ್ಕೂ ವಿಸ್ಕಿಯ ಅಭಿಷೇಕ. ಹಾಲಿನ ಪುಡಿಯ ಡಬ್ಬ ಒಂದು ಬದುಕಿತು. ಖರ್ಜೂರವನ್ನು ಅಮ್ಮ ಎರಡು ಸಲ ತೊಳೆದು ಬಿಸಿಲಿಗಿಟ್ಟಳು. ಬಾಟ್ಲಿ ಒಡೆದದ್ದಕ್ಕೆ ಅತ್ತವ ನಾನಲ್ಲ, ಅಪ್ಪ. ಆ ಖರ್ಜೂರವನ್ನು ಪೂರ್ತಿ ತಿಂದು ಮುಗಿಸಿದವರೂ ಅವರೇ. ಅಂದಿನಿಂದ ನನ್ನ ಕ್ರಮ ಇದು: ಮುಚ್ಚಳಕ್ಕೆ ಸೆಲ್ಲೋ ಟೇಪು, ಮೇಲೆ ಎರಡು ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟಿ, ಕುತ್ತಿಗೆಗೆ ಒಂದು ಸಾಕ್ಸ್, ಮೈಗೆ ಪೂರ್ತಿ ಬೈರಾಸ (ಟವೆಲ್). ಪೆಟ್ಟಿಗೆಯ ನಟ್ಟನಡುವೆ ಮಲಗಿಸಬೇಕು. ನಾಲ್ಕು ಬದಿಗೂ ಬಟ್ಟೆ, ಎರಡು ಬಾಟ್ಲಿ ಒಂದಕ್ಕೊಂದು ತಾಗಬಾರದು.

ಇಷ್ಟೆಲ್ಲ ಹೇಳಿ ಮುಗಿಸುವಾಗ ಅಳಿಯನದು ಇನ್ನೊಂದು ಪ್ರಶ್ನೆ. "ಸರಿ, ಹಿಂದೆ ಹೋಗುವಾಗ ಗೋವದ ಗೇರುಹಣ್ಣಿನ ಫೆನ್ನಿ ತೆಗೆದುಕೊಂಡು ಹೋಗಲಾ? ರೂಮ್‌ಮೇಟಿಗೆ ಗಿಫ್ಟು." ಗೋವದಲ್ಲಿ 18 ಆದವನಿಗೆ ಕೊಡುತ್ತಾರೆ, ಅದು ಸರಿ. ಆದರೆ ಅಮೆರಿಕದ ಬಾಗಿಲಲ್ಲಿ 21 ಆಗದವನು ಮದ್ಯ ಒಳಗೆ ತರುವಂತೆಯೇ ಇಲ್ಲ, ಗಿಫ್ಟ್ ಎಂದರೂ ಇಲ್ಲ. 21 ದಾಟಿದವರಿಗೇ ಅಲ್ಲಿ ಸುಂಕವಿಲ್ಲದೆ ಸಾಮಾನ್ಯವಾಗಿ ಒಂದು ಲೀಟರ್, ನಮ್ಮಲ್ಲಿಯ ಅರ್ಧ. ಸ್ಟೂಡೆಂಟ್ ವೀಸಾದಲ್ಲಿ ಇರುವವ ಒಂದು ಫೆನ್ನಿ ಬಾಟ್ಲಿಗಾಗಿ ಆ ಕೌಂಟರಿನ ಎದುರು ತೊದಲುತ್ತಾ ನಿಲ್ಲಬೇಕಾ? ಗೇರುಬೀಜ ತೆಗೆದುಕೊಂಡು ಹೋಗು ಎಂದೆ. ಅದೂ ಅದೇ ಮರದ್ದು.

"ಮತ್ತೆ ಅಜ್ಜನಿಗೆ ಎಂತ ಮಾಡುವುದು ಮಾಮ?"

ಹರಕೆ ಹೇಳಿದ್ದು ಅಕ್ಕ, ಇಡುವುದೂ ಅವಳೇ. ಫಾರಿನ್ ಎಂದು ಅವಳು ಹೇಳಿಕೊಂಡಿರಲಿಲ್ಲ, ಕೇಳಿ ನೋಡಿದೆ. ಮರುದಿನ ಸಂಜೆ ಅಂಗಡಿ ಮುಚ್ಚಿ ಪೇಟೆಯ ವೈನ್ ಶಾಪಿಗೆ ಹೋಗಿ ಒಂದು ಕ್ವಾರ್ಟರ್ ತಂದು ಅಕ್ಕನ ಮನೆಯ ಅಟ್ಟದಲ್ಲಿ ಇಟ್ಟಿದ್ದೇನೆ. ಚಕ್ಕುಲಿ ಅವಳು ಮಾಡುತ್ತಾಳೆ, ಬೀಡ ಕಟ್ಟಿಸಿ ತರುವ ಕೆಲಸ ಅಳಿಯನಿಗೆ. ಡಿಸೆಂಬರಿನಲ್ಲಿ ಬರುತ್ತಾನೆ. ಭಾವನಿಗೆ ಅಟ್ಟದ ವಿಷಯ ಇನ್ನೂ ಹೇಳಿಲ್ಲ.